ಪ್ರಧಾನಿಯಾದರೆ ಆಯುಸ್ಸು ಹೆಚ್ಚೋ ಕಡಿಮೆಯೋ? ಗ್ರಂಥಾಲಯದ ಕ್ವಿಜ್‌ನಲ್ಲಿ ಎದ್ದ ಚರ್ಚೆ

ನೀರ್ಚಾಲಿನ ಮಾಸ್ಟ್ರು:
ನಮ್ಮೂರ ಗ್ರಂಥಾಲಯದಲ್ಲಿ ಕನ್ನಡ ಕ್ವಿಜ್ ಇತ್ತು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಪ್ರಧಾನಿಗಳು ಯಾರ್‍ಯಾರು ಅಂತ ಒಂದು ಪ್ರಶ್ನೆ. ಉತ್ತರ ಮೂರು ಹೆಸರು: ನೆಹರೂ, ಶಾಸ್ತ್ರಿ, ಇಂದಿರಾ. ಒಬ್ಬ ಹುಡುಗ ರಾಜೀವ್ ಹೆಸರನ್ನೂ ಸೇರಿಸಿದ. 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ಬಾಂಬು ಸಿಡಿದಾಗ ಅವರು ಪ್ರಧಾನಿ ಆಗಿರಲಿಲ್ಲ, ಹಾಗಾಗಿ ಮಾರ್ಕು ಇಲ್ಲ. ಜಗಳ ಹುಟ್ಟಿದ್ದು ಅದರ ಮೇಲಲ್ಲ. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು, "ಕುರ್ಚಿ ಸಿಕ್ಕಿದವರ ಹತ್ತಿರ ಯಮ ಬೇಗ ಬರುದಿಲ್ಲ, ನೋಡಿ, ಎಲ್ಲ ತೊಂಬತ್ತು ದಾಟುತ್ತಾರೆ" ಅಂದರು. ಇನ್ನೊಬ್ಬರು, "ಕುರ್ಚಿಯೇ ಅವರನ್ನು ತಿಂದು ಹಾಕುದು" ಅಂದರು. ಕ್ವಿಜ್ ಅಲ್ಲಿಗೇ ನಿಂತಿತು.

ಬದುಕಿದ ವರ್ಷಗಳನ್ನು ಬರೆದು ನೋಡಿದೆ. ನೆಹರೂ 74, ಶಾಸ್ತ್ರಿ 61, ಇಂದಿರಾ 66, ಮೊರಾರ್ಜಿ 99, ಚರಣ್ ಸಿಂಗ್ 84, ರಾಜೀವ್ 46, ವಿ.ಪಿ. ಸಿಂಗ್ 77, ಚಂದ್ರಶೇಖರ್ 80, ನರಸಿಂಹ ರಾವ್ 83, ವಾಜಪೇಯಿ 93, ಗುಜ್ರಾಲ್ 92, ಮನಮೋಹನ್ ಸಿಂಗ್ 92. ಸರಾಸರಿ 79ರ ಹತ್ತಿರ. ಕೊಲೆಯಾದ ಇಬ್ಬರನ್ನು ಬಿಟ್ಟರೆ 83 ದಾಟುತ್ತದೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಸರಾಸರಿ ಆಯುಸ್ಸು 32ರ ಆಸುಪಾಸು. ಹಿರಿಯರ ಮಾತೇ ಸರಿ ಅಂತ ಮೇಲ್ನೋಟಕ್ಕೆ ಕಾಣುತ್ತದೆ. ನನಗೆ ಮಾತ್ರ ನಂಬಿಕೆ ಬರುದಿಲ್ಲ. ನೀವೆಲ್ಲ ಎಂತ ಹೇಳ್ತೀರಿ?

ಉಪ್ಪಳದ ಪಿಎಸ್‌ಸಿ:
ಗುಲ್ಜಾರಿಲಾಲ್ ನಂದಾ ಎಲ್ಲಿ ಮಾಸ್ಟ್ರೆ? 1964ರಲ್ಲಿ ಒಮ್ಮೆ, 1966ರಲ್ಲಿ ಒಮ್ಮೆ, ಎರಡು ಸಲವೂ 13 ದಿನ ಹಂಗಾಮಿ ಪ್ರಧಾನಿ. 1898ರ ಜುಲೈಯಲ್ಲಿ ಹುಟ್ಟಿ 1998ರ ಜನವರಿಯಲ್ಲಿ ಹೋದವರು. ಅವರಿಗೂ 99. ಅವರನ್ನು ಸೇರಿಸಿದರೆ ನಿಮ್ಮ ಸರಾಸರಿ 80 ದಾಟುತ್ತದೆ.

ಜೊತೆಗೆ ಒಂದು ಪ್ರಶ್ನೆ ಉಚಿತ: ಮೊರಾರ್ಜಿ ಹುಟ್ಟಿದ್ದು 1896ರ ಫೆಬ್ರವರಿ 29. 1900 ಅಧಿಕ ವರ್ಷ ಅಲ್ಲ. ಹಾಗಾದರೆ ಅವರ ಮೊದಲ ಸರಿಯಾದ ಹುಟ್ಟುಹಬ್ಬ ಬಂದದ್ದು ಎಂಟನೇ ವರ್ಷಕ್ಕೆ. ಪರೀಕ್ಷೆಯಲ್ಲಿ ಕೇಳಿದರೂ ಕೇಳಿಯಾರು.

ಕುಂಬಳೆ ಕಟ್ಟೆ:
ಮೊರಾರ್ಜಿಯ 99ರ ಗುಟ್ಟು ಎಲ್ಲರಿಗೂ ಗೊತ್ತುಂಟು. ಬೆಳಿಗ್ಗೆ ಎದ್ದು ಒಂದು ಲೋಟ ಸ್ವಮೂತ್ರ 😄 ಬೇರೆ ಎಂತ ಸಂಶೋಧನೆ ಬೇಕು?

ಉಪ್ಪಳದ ಪಿಎಸ್‌ಸಿ:
ನಂದಾ ಯಾವ ಲೋಟವೂ ಇಲ್ಲದೆ ಅಷ್ಟೇ ವರ್ಷ ಬದುಕಿದ್ರಲ್ಲ ಅಣ್ಣ. ನಮ್ಮ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ಮರೆತಿರಾ? 1915ರ ಜೂನ್ 8ರಿಂದ 2015ರ ಆಗಸ್ಟ್ 9. ನೂರು ತುಂಬಿಸಿ ಎರಡು ತಿಂಗಳು ಮೇಲೆ. ಪ್ರಧಾನಿ ಬಿಡಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ್ದೂ ಕೈಗೂಡಲಿಲ್ಲ. ಆದರೂ ನೂರು.

ಮುಳ್ಳೇರಿಯ ಲೆಕ್ಕಿಗ:
ಮಾಸ್ಟ್ರೆ, ನಿಮ್ಮ ಕೂಡಿಸುವ ಲೆಕ್ಕ ಸರಿಯುಂಟು, ಹೋಲಿಕೆ ತಪ್ಪು. ಫಸಲು ಕೊಡುವ ಅಡಕೆ ಮರಗಳ ಪ್ರಾಯ ಮಾತ್ರ ಬರೆದುಕೊಂಡು, ತೋಟದಲ್ಲಿ ನೆಟ್ಟ ಸಸಿಗಳೆಲ್ಲ ಇಷ್ಟು ವರ್ಷ ಬಾಳುತ್ತವೆ ಅಂದ ಹಾಗಾಯಿತು. ಬಿಸಿಲಿಗೆ ಒಣಗಿದ್ದು, ಹಂದಿ ಅಗೆದು ಹಾಕಿದ್ದು ನಿಮ್ಮ ಪುಸ್ತಕದಲ್ಲೇ ಇಲ್ಲ.

32 ಅಂದರೆ ಆ ಕಾಲದಲ್ಲಿ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರು ಅಂತಲ್ಲ. ಹಸುಗೂಸುಗಳು, ಬಾಣಂತಿಯರು ಅಷ್ಟು ಮಂದಿ ಹೋಗುತ್ತಿದ್ದರು, ಹಾಗಾಗಿ ಸರಾಸರಿ ಕೆಳಗೆ. ಅದೆಲ್ಲ ದಾಟಿ ಐವತ್ತಕ್ಕೆ ಮುಟ್ಟಿದವರು ಇನ್ನೂ ಎಷ್ಟೋ ವರ್ಷ ಬದುಕುತ್ತಿದ್ದರು. ಪ್ರಧಾನಿಯಾಗಲಿಕ್ಕೆ ಮೊದಲು ಆ ವಯಸ್ಸಿನವರೆಗೆ ಬದುಕಿ ಉಳಿಯಬೇಕಲ್ಲ? ಮೊರಾರ್ಜಿ ಪ್ರಮಾಣವಚನ ತೆಗೆದುಕೊಂಡದ್ದೇ 81ಕ್ಕೆ. 81ರ ತನಕ ಅವರನ್ನು ಉಳಿಸಿದ್ದು ಪ್ರಧಾನಿ ಪಟ್ಟ ಅಲ್ಲವಲ್ಲ. ನರಸಿಂಹ ರಾವ್ ಪಟ್ಟಕ್ಕೆ ಬಂದ ಮುಂದಿನ ವಾರ ಅವರಿಗೆ 70 ತುಂಬಿತು. ರಾಜೀವ್ ಬಂದದ್ದು 40ಕ್ಕೆ. ಹಾಗಾಗಿ ಪಟ್ಟಕ್ಕೆ ಬಂದ ದಿನದಿಂದ ಎಣಿಸಿ. ಅದೇ ವಯಸ್ಸಿನ, ಅದೇ ಅನುಕೂಲದ, ಆದರೆ ಪಟ್ಟ ಸಿಗದವನ ಜೊತೆಗೆ ಇಟ್ಟು ನೋಡಿ. ಆಗ ಕುರ್ಚಿಯ ಪಾಲು ಎಷ್ಟು ಅಂತ ಗೊತ್ತಾದೀತು.

ನೀರ್ಚಾಲಿನ ಮಾಸ್ಟ್ರು:
ಲೆಕ್ಕಿಗರು ಹೇಳಿದ ಕ್ರಮದಲ್ಲೇ ಎಣಿಸಿದವರಿದ್ದಾರೆ. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. 17 ದೇಶಗಳು, 1722ರಿಂದ ಈಚೆಗೆ. ಚುನಾವಣೆ ಗೆದ್ದು ಸರ್ಕಾರ ನಡೆಸಿದ 279 ಮಂದಿ ಒಂದು ಕಡೆ, ಅದೇ ಪಟ್ಟಕ್ಕೆ ನಿಂತು ಸೋತು ಒಮ್ಮೆಯೂ ಗೆಲ್ಲದ 261 ಮಂದಿ ಇನ್ನೊಂದು ಕಡೆ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ಗೆದ್ದವರ ಆಯುಸ್ಸು ಸೋತವರಿಗಿಂತ 2.7 ವರ್ಷ ಕಡಿಮೆ.

ಅದಕ್ಕೂ ನಾಲ್ಕು ವರ್ಷ ಮೊದಲು, 2011ರಲ್ಲಿ, ಅಮೆರಿಕದ ಅಧ್ಯಕ್ಷರ ಬಗ್ಗೆ ಬಂದ ಲೆಕ್ಕ ಬೇರೆಯೇ ಹೇಳುತ್ತದೆ. ಸಹಜವಾಗಿ ಸತ್ತ 34 ಅಧ್ಯಕ್ಷರಲ್ಲಿ 23 ಮಂದಿ ಅವರ ಕಾಲದ, ಅವರ ವಯಸ್ಸಿನ ಗಂಡಸರಿಗಿಂತ ಹೆಚ್ಚು ಬದುಕಿದ್ದರು. ಎರಡೂ ಒಟ್ಟಿಗೆ ನಿಜ ಇರಬಹುದು. ಮೊದಲನೆಯದು ಗೆದ್ದವನನ್ನು ಸೋತವನ ಪಕ್ಕ ನಿಲ್ಲಿಸಿತು, ಎರಡನೆಯದು ಊರಿನ ಎಲ್ಲರ ಪಕ್ಕ. ಶ್ವೇತಭವನಕ್ಕೆ ಹೋಗುವಷ್ಟು ದುಡ್ಡು, ವಿದ್ಯೆ, ವೈದ್ಯರು ಇದ್ದವನು ಊರವರಿಗಿಂತ ಹೆಚ್ಚು ಬದುಕುವುದರಲ್ಲಿ ಆಶ್ಚರ್ಯ ಎಂತದು?

ಆ 17 ದೇಶಗಳಲ್ಲಿ ಭಾರತ ಇಲ್ಲ. ನಮ್ಮದನ್ನು ನಾವೇ ಮಾಡಬೇಕಷ್ಟೆ.

ಪೆರ್ಲದ ಅಕ್ಕ:
ಮಾಡುವ ಹಾಗಾದರೆ ನಾನು ಶುರು ಮಾಡ್ತೇನೆ. ನಮ್ಮಲ್ಲಿ ಸೋತವರು ಸೋತೇ ಉಳಿಯುದಿಲ್ಲ, ಅದೇ ಕಷ್ಟ.

1966ರಲ್ಲಿ ಶಾಸ್ತ್ರಿ ತೀರಿದ ಮೇಲೆ ಕಾಂಗ್ರೆಸ್ ಸಂಸದೀಯ ಪಕ್ಷದಲ್ಲಿ ಮತದಾನ ಆಯಿತು. ಇಂದಿರಾ 355, ಮೊರಾರ್ಜಿ 169. ಗೆದ್ದವರು 66ಕ್ಕೆ ಹೋದರು, ಸೋತವರು 99ರ ತನಕ ಇದ್ದರು. ಆದರೆ ಅದೇ ಮೊರಾರ್ಜಿ 1977ರಲ್ಲಿ ಪ್ರಧಾನಿ! 1976ರಲ್ಲಿ ಯಾರಾದರೂ ಈ ಪಟ್ಟಿ ಮಾಡಿದ್ದರೆ ಅವರನ್ನು ಸೋತವರ ಕಾಲಂನಲ್ಲಿ ಬರೆಯುತ್ತಿದ್ದರು, ಮರುವರ್ಷ ಹೊಡೆದು ಹಾಕಿ ಆಚೆ ಕಾಲಂಗೆ.

1979ರಲ್ಲಿ ಚರಣ್ ಸಿಂಗ್‌ಗೆ ಪಟ್ಟ ಸಿಕ್ಕಿತು, ಜಗಜೀವನ್ ರಾಂ ಕಾದು ಕಾದು ಉಳಿದರು. ಇಲ್ಲಿ ಗೆದ್ದವರೇ ಹೆಚ್ಚು ಬದುಕಿದರು, 84 ಮತ್ತು 78.

1989ರ ಕತೆ ಇನ್ನೂ ವಿಚಿತ್ರ. ವಿ.ಪಿ. ಸಿಂಗ್ ನಾಯಕರಾದದ್ದಕ್ಕೆ ಚಂದ್ರಶೇಖರ್ ಸಿಟ್ಟಾದರು, ಮರುವರ್ಷ ಅವರನ್ನು ಇಳಿಸಿ ತಾವೇ ಕೂತರು. ಕಡೆಗೆ ಇಬ್ಬರನ್ನೂ ಹಿಡಿದದ್ದು ಒಂದೇ ಕಾಯಿಲೆ, ಮಲ್ಟಿಪಲ್ ಮೈಲೋಮಾ. ಚಂದ್ರಶೇಖರ್ 2007ರ ಜುಲೈ, ಸಿಂಗ್ 2008ರ ನವೆಂಬರ್ 27. ಮುಂಬಯಿಯಲ್ಲಿ ತಾಜ್ ಹೋಟೆಲು ಉರಿಯುತ್ತಿದ್ದ ದಿನ ಅದು. ಮಂಡಲ್ ವರದಿ ಜಾರಿ ಮಾಡಿ ದೇಶವನ್ನೇ ಅಲ್ಲಾಡಿಸಿದ ಮನುಷ್ಯನ ಸಾವು ಟಿವಿಯಲ್ಲಿ ಕೆಳಗಿನ ಒಂದು ಗೆರೆಯಾಗಿ ಓಡಿತು.

ಇನ್ನು ನಮ್ಮ ನಿಜಲಿಂಗಪ್ಪನವರು. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಇಂದಿರಾರನ್ನೇ ಪಕ್ಷದಿಂದ ಹೊರಗೆ ಹಾಕಿದರು. ಆಮೇಲೆ ಗೆದ್ದದ್ದು ಇಂದಿರಾ, ರಾಜಕೀಯವಾಗಿ ಮುಗಿದದ್ದು ಇವರು. ಬದುಕಿದ್ದು ಮಾತ್ರ 97 ವರ್ಷ, 2000ದ ಆಗಸ್ಟ್‌ವರೆಗೆ.

ಕುಂಬಳೆ ಕಟ್ಟೆ:
ಅಕ್ಕ, ಇಂದಿರಾಗೆ ಬಿದ್ದದ್ದು ಗುಂಡು. ಅದನ್ನು ಆಯುಸ್ಸಿನ ಲೆಕ್ಕಕ್ಕೆ ಹಿಡಿಯುದು ಹೇಗೆ? ಗುಂಡು ಬೀಳದಿದ್ದರೆ ಅವರೂ ತೊಂಬತ್ತು ಮುಟ್ಟುತ್ತಿದ್ದರೋ ಏನೋ.

ಪೆರ್ಲದ ಅಕ್ಕ:
ಹಿಡಿಯಲೇಬೇಕು. ಗುಂಡೂ ಆ ಕುರ್ಚಿಯ ಜೊತೆಗೇ ಬರುವುದು. ಅಮೆರಿಕದಲ್ಲಿ ನಾಲ್ಕು ಅಧ್ಯಕ್ಷರು ಗುಂಡಿಗೆ ಹೋದರು. ಅವರೆಲ್ಲ ಮನೆಯಲ್ಲಿ ಕೂತು ವಕೀಲಿಕೆ ಮಾಡಿಕೊಂಡಿದ್ದರೆ ಯಾರು ಹೊಡೆಯಲಿಕ್ಕೆ ಬರುತ್ತಿದ್ದರು?

ದುಬಾಯಿ ಬದಿಯಡ್ಕ:
ಗುಂಡಿನ ವಿಷಯ ಬಂತಲ್ಲ, ನಮ್ಮ ನೆರೆಯವರನ್ನೂ ನೋಡಿ. ಪಾಕಿಸ್ತಾನದ ಮೊದಲ ಪ್ರಧಾನಿ ಲಿಯಾಕತ್ ಅಲಿಯನ್ನು 1951ರಲ್ಲಿ ರಾವಲ್ಪಿಂಡಿಯ ಒಂದು ಮೈದಾನದಲ್ಲಿ ಹೊಡೆದರು. ಆ ಮೈದಾನಕ್ಕೆ ಅವರದೇ ಹೆಸರಿಟ್ಟರು, ಲಿಯಾಕತ್ ಬಾಗ್. 2007ರಲ್ಲಿ ಬೆನಜೀರ್ ಭಾಷಣ ಮುಗಿಸಿ ಹೊರಟಾಗ ಕೊಂದದ್ದು ಅದೇ ಮೈದಾನದ ಹೊರಗೆ. ಅವರಿಗೆ 54. ಅವರ ಅಪ್ಪ ಭುಟ್ಟೋರನ್ನು 1979ರಲ್ಲಿ ಗಲ್ಲಿಗೆ ಹಾಕಿದ್ದೂ ಅದೇ ಊರಿನಲ್ಲಿ, 51ಕ್ಕೆ. ಗಲ್ಲಿಗೆ ಹಾಕಿಸಿದ ಜಿಯಾ 1988ರಲ್ಲಿ ವಿಮಾನ ಬಿದ್ದು ಹೋದರು. ಬಾಂಗ್ಲಾದ ಮುಜೀಬ್ 55ಕ್ಕೆ, ಮನೆಯಲ್ಲೇ, ಮನೆಯವರ ಜೊತೆಗೆ. ಶ್ರೀಲಂಕಾದ ಬಂಡಾರನಾಯಕೆ 1959ರಲ್ಲಿ ಗುಂಡಿಗೆ, ಪ್ರೇಮದಾಸ 1993ರಲ್ಲಿ ಬಾಂಬಿಗೆ. ಇಲ್ಲಿ ನನ್ನ ರೂಮಿನಲ್ಲಿ ಮೂರು ದೇಶದವರಿದ್ದೇವೆ. ಈ ವಿಷಯ ತೆಗೆದರೆ ಒಬ್ಬರೂ ಮಾತಾಡುದಿಲ್ಲ, ಎಲ್ಲ ಫೋನ್ ನೋಡುತ್ತಾ ಕೂರುತ್ತಾರೆ.

ಆ 17 ದೇಶದ ಲೆಕ್ಕ ನಮಗೆ ಹಿಡಿಸದು ಮಾಸ್ಟ್ರೆ. ನಮ್ಮ ಕಡೆ 2.7ರಲ್ಲಿ ಮುಗಿಯುದಿಲ್ಲ.

ಸಿಸ್ಟರ್ ಮಂಜೇಶ್ವರ:
ರಾತ್ರಿ ಡ್ಯೂಟಿ ಮುಗಿಸಿ ಓದುತ್ತಿದ್ದೇನೆ. ಎರಡು ವಿಷಯ.

ಮೈಲೋಮಾ ಅಂದರೆ ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕಣಗಳ ಕ್ಯಾನ್ಸರ್. ಪ್ರಾಯ ಆದವರಲ್ಲಿ ಹೆಚ್ಚು. ಮೊದಲು ಸೊಂಟನೋವು, ರಕ್ತ ಕಡಿಮೆ, ಆಮೇಲೆ ಕಿಡ್ನಿಗೆ ಹೊಡೆತ. ವಿ.ಪಿ. ಸಿಂಗ್ ಎಷ್ಟೋ ಕಾಲ ಡಯಾಲಿಸಿಸ್‌ನಲ್ಲಿದ್ದರು. ಪ್ರಧಾನಿ ಪಟ್ಟದ ಒತ್ತಡದಿಂದ ಬರುವ ಕಾಯಿಲೆ ಅಲ್ಲ ಅದು. ಚಂದ್ರಶೇಖರ್ 1983ರಲ್ಲಿ ಕನ್ಯಾಕುಮಾರಿಯಿಂದ ದಿಲ್ಲಿಯವರೆಗೆ ನಾಲ್ಕು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು ನಡೆದ ಮನುಷ್ಯ. ನಡೆದರೆ ಕ್ಯಾನ್ಸರ್ ಬಾರದು ಅಂತ ಹೇಳುವವರಿಗೆ ಇದನ್ನು ಹೇಳಿ.

ಎರಡನೆಯದು, ದೊಡ್ಡವರಿಗೆ ಒಳ್ಳೆಯ ವೈದ್ಯರು ಸಿಗುತ್ತಾರೆ, ಹಾಗಾಗಿ ಹೆಚ್ಚು ಬದುಕುತ್ತಾರೆ ಅಂತ ಮಾಸ್ಟ್ರು ಬರೆದರು. ಯಾವಾಗಲೂ ಅಲ್ಲ. ನಾವು ವಾರ್ಡಿನಲ್ಲಿ ನೋಡುವುದೇ ಇದು: ರೋಗಿ ದೊಡ್ಡವನಾದಷ್ಟೂ ಸುತ್ತ ನಿಲ್ಲುವವರು ಹೆಚ್ಚು, "ಇದು ಮಾಡಬೇಕು" ಅಂತ ಧೈರ್ಯದಿಂದ ಹೇಳುವವರು ಕಡಿಮೆ.

1881ರಲ್ಲಿ ಅಮೆರಿಕದ ಗಾರ್ಫೀಲ್ಡ್‌ಗೆ ಜುಲೈ 2ರಂದು ಗುಂಡು ಬಿತ್ತು. ಸತ್ತದ್ದು ಸೆಪ್ಟೆಂಬರ್ 19ಕ್ಕೆ. ನಡುವೆ ದೊಡ್ಡ ದೊಡ್ಡ ಡಾಕ್ಟರುಗಳು ತೊಳೆಯದ ಬೆರಳು, ತೊಳೆಯದ ಸಲಾಕೆ ಹಾಕಿ ಗುಂಡು ಹುಡುಕಿದರು. ಟೆಲಿಫೋನಿನ ಗ್ರಹಾಂ ಬೆಲ್ ಲೋಹ ಹುಡುಕುವ ಯಂತ್ರ ಹಿಡಿದುಕೊಂಡು ಬಂದ, ಅದಕ್ಕೂ ಸಿಗಲಿಲ್ಲ. ಗಾಯ ಕೀವಾಗಿ, ನಂಜೇರಿ ಸತ್ತರು. ಸರಿಯಾಗಿ ನೂರು ವರ್ಷದ ಮೇಲೆ, 1981ರಲ್ಲಿ, ರೇಗನ್‌ಗೆ ಶ್ವಾಸಕೋಶಕ್ಕೇ ಗುಂಡು ಹೋಯಿತು. ಆಪರೇಷನ್ ಆಗಿ ಮನೆಗೆ ಬಂದು 93 ವರ್ಷ ಬದುಕಿದರು. ಮೊದಲ ಅಧ್ಯಕ್ಷ ವಾಷಿಂಗ್ಟನ್‌ಗೆ 1799ರಲ್ಲಿ ಗಂಟಲು ಬಾತದ್ದು. ವೈದ್ಯರು ಒಂದೇ ದಿನದಲ್ಲಿ ನಾಲ್ಕಾರು ಸಲ ರಕ್ತ ತೆಗೆದರು. ಬಡವನಾಗಿದ್ದರೆ ಅಷ್ಟು ವೈದ್ಯರು ಬರುತ್ತಲೇ ಇರಲಿಲ್ಲ.

ಸ್ಟಾಲಿನ್‌ನದ್ದು ಇನ್ನೊಂದು ತರ. 1953ರ ಮಾರ್ಚ್ 1ರಂದು ಇಡೀ ಹಗಲು ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲು ತೆರೆಯಲಿಕ್ಕೆ ಕಾವಲಿನವರಿಗೆ ಹೆದರಿಕೆ. ರಾತ್ರಿ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದ, ಪಾರ್ಶ್ವವಾಯು. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ. ಕ್ರೆಮ್ಲಿನ್‌ನ ಹೆಸರಾಂತ ವೈದ್ಯರಲ್ಲಿ ಹಲವರನ್ನು ಆ ಹೊತ್ತಿಗೆ ಅವನೇ ಜೈಲಿಗೆ ಹಾಕಿಸಿದ್ದ. ಮಾರ್ಚ್ 5ಕ್ಕೆ ಮುಗಿಯಿತು. ನಮ್ಮ ಆಸ್ಪತ್ರೆಯಲ್ಲಿ ಸ್ಟ್ರೋಕ್ ಕೇಸು ಬಂದರೆ ನಿಮಿಷ ಎಣಿಸುತ್ತೇವೆ. ಅಷ್ಟು ದೊಡ್ಡ ದೇಶದ ಒಡೆಯನಿಗೆ ಅಷ್ಟೂ ಸಿಗಲಿಲ್ಲ.

ಪರಿಚಯದ ಕಾಸರಗೋಡು:
ಶಾಸ್ತ್ರೀಜಿ ವಿಷಯ ಯಾಕೆ ಯಾರೂ ಎತ್ತುದಿಲ್ಲ? ಹೃದಯಾಘಾತ ಅಂತ ಬರೆದು ಕೈ ತೊಳೆದುಕೊಂಡರೆ ಆಯ್ತಾ? ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿಯೇ ಸತ್ತರು. ಪೋಸ್ಟ್‌ಮಾರ್ಟಂ ಇಲ್ಲ. ದೇಹ ನೀಲಿಯಾಗಿತ್ತು ಅಂತ ಮನೆಯವರೇ ಹೇಳಿದರು. ವಿಷ!

ಮುಳ್ಳೇರಿಯ ಲೆಕ್ಕಿಗ:
ಪೋಸ್ಟ್‌ಮಾರ್ಟಂ ಮಾಡದೆ ಇದ್ದದ್ದು ದೊಡ್ಡ ತಪ್ಪು, ಒಪ್ಪಿದೆ. ಆದರೆ ಅದರಿಂದ ವಿಷ ಸಾಬೀತಾಗುದಿಲ್ಲ, ಪ್ರಶ್ನೆ ಬಾಕಿ ಉಳಿಯುತ್ತದೆ ಅಷ್ಟೆ. ಅವರಿಗೆ ಮೊದಲೂ ಹೃದಯಾಘಾತ ಆಗಿತ್ತು. ಯುದ್ಧ ಮುಗಿಸಿ, ಜನವರಿಯ ಆ ಚಳಿಯಲ್ಲಿ, ಒಂದು ವಾರ ಪಾಕಿಸ್ತಾನದ ಅಯೂಬ್ ಖಾನ್ ಜೊತೆ ಎಳೆದಾಡಿ ಸಹಿ ಹಾಕಿದ ರಾತ್ರಿ ಅದು. ಊರಿಗೆ ಹೋಗಿ ಇದಕ್ಕೆ ಉತ್ತರ ಹೇಳುವುದು ಹೇಗೆ ಅನ್ನುವ ಚಿಂತೆ ಬೇರೆ. 61 ವರ್ಷದ ಹೃದಯರೋಗಿಗೆ ಅಷ್ಟು ಸಾಲದಾ?

ಪರಿಚಯದ ಕಾಸರಗೋಡು:
ಸರ್ಕಾರ ಹೇಳಿದ್ದನ್ನೆಲ್ಲ ನಂಬುವವರಿಗೆ ಸಾಕು.

ನೀರ್ಚಾಲಿನ ಮಾಸ್ಟ್ರು:
ನಂಬಿಕೆ ಹೋಗಲಿಕ್ಕೆ ಕಾರಣ ಉಂಟು, ಅದನ್ನು ತಳ್ಳಿ ಹಾಕುದಿಲ್ಲ. ದೊಡ್ಡವರ ಕಾಯಿಲೆಯನ್ನು ಮುಚ್ಚಿಡುವುದು ಎಲ್ಲ ದೇಶದಲ್ಲೂ ಅಭ್ಯಾಸ. ರೂಸ್‌ವೆಲ್ಟ್‌ಗೆ ಬಿಪಿ ವಿಪರೀತ ಏರಿತ್ತು, ಹೃದಯ ಸೋಲುತ್ತಿತ್ತು. ಆದರೂ ವೈದ್ಯರು ಜನರ ಮುಂದೆ ಆರೋಗ್ಯವಾಗಿದ್ದಾರೆ ಅಂತ ಹೇಳಿದರು, ಅವರು 1944ರಲ್ಲಿ ನಾಲ್ಕನೇ ಸಲ ಗೆದ್ದರು, 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವ ಆಗಿ ತೀರಿದರು. ರಷ್ಯಾದಲ್ಲಿ ಬ್ರೆಜ್ನೆವ್, ಆಂದ್ರೊಪೊವ್, ಚೆರ್ನೆಂಕೊ ಮೂವರೂ 1982ರ ನವೆಂಬರ್‌ನಿಂದ 1985ರ ಮಾರ್ಚ್ ಒಳಗೆ ಹೋದರು. ರೇಡಿಯೋದಲ್ಲಿ ಇದ್ದಕ್ಕಿದ್ದಂತೆ ಶೋಕಸಂಗೀತ ಬಂದರೆ ಜನ ತಾವೇ ಅರ್ಥ ಮಾಡಿಕೊಳ್ಳಬೇಕು. ನಮ್ಮ ನೆಹರೂಗೆ 1964ರ ಜನವರಿಯಲ್ಲಿ ಭುವನೇಶ್ವರದ ಅಧಿವೇಶನದಲ್ಲೇ ಪಾರ್ಶ್ವವಾಯು ಹೊಡೆಯಿತು. ಅಲ್ಲಿಂದ ಮೇ 27ರವರೆಗೆ ದೇಶ ಅರ್ಧ ಗೊತ್ತಿದ್ದೂ ಅರ್ಧ ಗೊತ್ತಿಲ್ಲದೆ ಕಾಯಿತು. ಹೀಗೆ ಮುಚ್ಚಿಟ್ಟು ಮುಚ್ಚಿಟ್ಟು, ನಿಜವಾಗಿ ಹೃದಯಾಘಾತ ಆದಾಗಲೂ ಜನ ನಂಬದ ಸ್ಥಿತಿ ಬಂತು.

ಇದಕ್ಕೆ ಉಲ್ಟಾ ಒಂದಾಗಿದೆ. 1979ರ ಮಾರ್ಚ್‌ನಲ್ಲಿ ಜಯಪ್ರಕಾಶ್ ನಾರಾಯಣ್ ತೀರಿಕೊಂಡರು ಅಂತ ಪ್ರಧಾನಿ ಮೊರಾರ್ಜಿ ಲೋಕಸಭೆಯಲ್ಲಿ ಘೋಷಿಸಿ, ಶ್ರದ್ಧಾಂಜಲಿಯೂ ಆಯಿತು. ಜೆಪಿ ಮುಂಬಯಿಯ ಆಸ್ಪತ್ರೆಯಲ್ಲಿ ಜೀವಂತ ಇದ್ದರು! ನಿಜವಾಗಿ ತೀರಿದ್ದು ಅಕ್ಟೋಬರ್ 8ಕ್ಕೆ.

ದುಬಾಯಿ ಬದಿಯಡ್ಕ:
ಮುಚ್ಚಿಡುವುದರಲ್ಲಿ ಜಿನ್ನಾರನ್ನು ಬಿಟ್ಟರೆ ಹೇಗೆ? ಕ್ಷಯ ಇದ್ದದ್ದು ಹತ್ತಿರದವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ದೇಶ ಹುಟ್ಟಿ 13 ತಿಂಗಳಿಗೆ, 1948ರ ಸೆಪ್ಟೆಂಬರ್ 11ರಂದು ಹೋದರು. ವಿಮಾನದಿಂದ ಇಳಿಸಿ ಕರಾಚಿಗೆ ಕರೆದುಕೊಂಡು ಹೋಗುವಾಗ ಆಂಬುಲೆನ್ಸ್ ನಡುದಾರಿಯಲ್ಲಿ ಕೆಟ್ಟು ನಿಂತಿತು. ಬೇರೆ ಗಾಡಿ ಬರುವ ತನಕ ಆ ಸೆಕೆಯಲ್ಲಿ ರಸ್ತೆ ಬದಿ. ಗವರ್ನರ್ ಜನರಲ್ ಅವರೇ!

ಸಿಸ್ಟರ್ ಮಂಜೇಶ್ವರ:
ಆಂಬುಲೆನ್ಸ್ ರಸ್ತೆಯಲ್ಲಿ ನಿಲ್ಲುವುದು ಎಂತ ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡುವುದು ಬೇಡ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಹಾಕಿದರು. ಡಯಾಲಿಸಿಸ್‌ನವರು, ಹೃದಯದವರು, ಬಸುರಿಯರು, ಎಲ್ಲ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದವರು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ಮನಮೋಹನ್ ಸಿಂಗ್‌ಗೆ ಎರಡು ಸಲ ಬೈಪಾಸ್ ಆಗಿತ್ತು, ಎರಡನೆಯದು 2009ರಲ್ಲಿ, ಪ್ರಧಾನಿಯಾಗಿದ್ದಾಗ, ದಿಲ್ಲಿಯ ಏಮ್ಸ್‌ನಲ್ಲಿ. ಆಮೇಲೆ 15 ವರ್ಷ ಬದುಕಿದರು, ಒಳ್ಳೆಯದೇ ಆಯಿತು. ನರಸಿಂಹ ರಾವ್ 1990ರಲ್ಲಿ ಹೂಸ್ಟನ್‌ಗೆ ಹೋಗಿ ಬೈಪಾಸ್ ಮಾಡಿಸಿಕೊಂಡು ಬಂದು, ಇನ್ನು ಸಾಕು ಅಂತ ಗಂಟುಮೂಟೆ ಕಟ್ಟಿದವರು ಮರುವರ್ಷ ಪ್ರಧಾನಿಯಾದರು. ನಮ್ಮ ವಾರ್ಡಿನಲ್ಲಿ ಅದೇ ವಯಸ್ಸಿನ, ಅದೇ ಹೃದಯದ ಬೀಡಿ ಕಟ್ಟುವವರು ಬೈಪಾಸ್ ತಾರೀಕು ಸಿಗದೆ ಹೋಗುತ್ತಾರೆ. ಲೆಕ್ಕಿಗಣ್ಣ ಹೇಳಿದ ಹೋಲಿಕೆ ಇವರ ಜೊತೆಗೂ ಆಗಲಿ.

ಕುಂಬಳೆ ಕಟ್ಟೆ:
ಇದಕ್ಕೆ ತಮಾಷೆ ಮಾಡಲಿಕ್ಕೆ ಬರುದಿಲ್ಲ ಸಿಸ್ಟರ್.

ಪೆರ್ಲದ ಅಕ್ಕ:
ನಮ್ಮ ಕಾಸರಗೋಡಿನಿಂದ ದಿಲ್ಲಿಗೆ ಹೋದವರನ್ನೂ ಪಟ್ಟಿಗೆ ಸೇರಿಸಿ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ನಮ್ಮ ಎ.ಕೆ.ಜಿ., 1957, 1962, 1967 ಮೂರು ಸಲ ಇಲ್ಲಿಂದಲೇ ಗೆದ್ದವರು. 1977ರ ಫೆಬ್ರವರಿ, ಮಾರ್ಚ್ ತಿಂಗಳು ನೋಡಿ. ತುರ್ತುಪರಿಸ್ಥಿತಿಗೆ ಸಹಿ ಹಾಕಿದ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರವರಿ 11ಕ್ಕೆ ಹೃದಯಾಘಾತದಿಂದ ಹೋದರು. ಜಮಖಂಡಿ ಕಡೆಯ ನಮ್ಮ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್ 21ಕ್ಕೆ ತುರ್ತುಪರಿಸ್ಥಿತಿ ಮುಗಿಯಿತು. ಅದರ ವಿರುದ್ಧ ಕೂಗಿದ ಎ.ಕೆ.ಜಿ. ಮರುದಿನ, 22ಕ್ಕೆ, ತೀರಿಕೊಂಡರು, 72 ವರ್ಷ. 24ಕ್ಕೆ ಜತ್ತಿಯವರು 81ರ ಮೊರಾರ್ಜಿಗೆ ಪ್ರಮಾಣವಚನ ಬೋಧಿಸಿದರು. ಪಿಎಸ್‌ಸಿ ಹುಡುಗ, ಬರೆದುಕೋ. ಈ ಆರು ವಾರದಲ್ಲೇ ನಿನಗೆ ಐದು ಪ್ರಶ್ನೆ ಉಂಟು.

ಉಪ್ಪಳದ ಪಿಎಸ್‌ಸಿ:
ಬರೆದುಕೊಂಡೆ ಅಕ್ಕ. ಗೆದ್ದವರು, ಸೋತವರು ಅಂತ ಎರಡು ಕಾಲಂ ಹಾಕಿ ಎಕ್ಸೆಲ್ ಶೀಟ್ ಮಾಡ್ತಾ ಇದ್ದೇನೆ. ಒಂದು ಕಡೆ ಸಿಕ್ಕಿಬಿದ್ದೆ. 1989ರಲ್ಲಿ ದೇವಿಲಾಲ್ ಹೆಸರೇ ನಾಯಕ ಅಂತ ಘೋಷಣೆ ಆಯಿತು, ಅವರು ಎದ್ದು ನಿಂತು ವಿ.ಪಿ. ಸಿಂಗ್‌ಗೆ ಬಿಟ್ಟುಕೊಟ್ಟರು. 2001ರವರೆಗೆ ಬದುಕಿದರು. 1996ರಲ್ಲಿ ಜ್ಯೋತಿ ಬಸು ಅವರನ್ನು ಎಲ್ಲರೂ ಕರೆದರು, ಪಕ್ಷ ಬೇಡ ಅಂದಿತು. ದೇವೇಗೌಡರು ಪ್ರಧಾನಿಯಾದರು. ಬಸು 95 ಬದುಕಿದರು, ಗೌಡರೂ ತೊಂಬತ್ತು ದಾಟಿದ್ದಾರೆ. ಕಾಮರಾಜರು ಎರಡು ಸಲ ಬೇರೆಯವರನ್ನು ಕೂರಿಸಿದರು, ತಾವು ಕೂರಲಿಲ್ಲ, 72ಕ್ಕೆ ಹೋದರು. ಇವರನ್ನೆಲ್ಲ ಯಾವ ಕಾಲಂಗೆ ಹಾಕಲಿ?

ಮುಳ್ಳೇರಿಯ ಲೆಕ್ಕಿಗ:
ಮೂರನೇ ಕಾಲಂ ಮಾಡು ಮಾರಾಯ. ಪ್ರತಿಯೊಬ್ಬರ ಎದುರೂ ಆ ವರ್ಷ ಅವರಿಗೆ ಎಷ್ಟು ಪ್ರಾಯ ಅಂತ ಬರೆಯಲು ಮರೆಯಬೇಡ, ಇಲ್ಲದಿದ್ದರೆ ಮಾಸ್ಟ್ರು ಪುನಃ ಸರಾಸರಿ ತೆಗೆಯಲಿಕ್ಕೆ ಕೂರುತ್ತಾರೆ.